ನೀರು ಬೆರೆಸಿದರೇ ಇದಕ್ಕೆ ಕಸುವು!

ಅಂಗೈಗೆ ಬಿದ್ದ ಹ್ಯಾಂಡ್ ಸ್ಯಾನಿಟೈಸರ್ ಒಂದು ಚಮಚದಷ್ಟೂ ಇಲ್ಲ. ತಣ್ಣಗೆ ಕೊರೆಯುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ, ಉಜ್ಜುತ್ತ ಉಜ್ಜುತ್ತ ಮಾಯ! ಆ ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಬ್ಯಾಕ್ಟೀರಿಯಾಗಳ ಹೊರಪೊರೆ ಹರಿದು, ಒಳಗಿನ ಪ್ರೋಟೀನು ಬಾಣಲೆಗೆ ಒಡೆದ ಮೊಟ್ಟೆಯ ಬಿಳಿಯಂತೆ ಗಟ್ಟಿ ಕಟ್ಟಿರುತ್ತದೆ.

ಇನ್ನೂ ಸೋಜಿಗ ಕೇಳಿ. ಆಲ್ಕೋಹಾಲ್ ಶುದ್ಧವಾದಷ್ಟೂ ಜೋರು ಎಂದುಕೊಂಡಿದ್ದೆ. ಸುಳ್ಳು! ನೀರಿನ ಅಂಶವಿಲ್ಲದೆ ಪ್ರೋಟೀನು ಸುಲಭಕ್ಕೆ ಕೆಡುವುದಿಲ್ಲವಂತೆ. ಅಪ್ಪಟ ಆಲ್ಕೋಹಾಲ್‌ಗಿಂತ ನೀರು ಬೆರೆಸಿದ್ದೇ ಮೇಲು. ಹಾಲಿಗೆ ನೀರು ಹಾಕುವವರನ್ನು ಬೈಯುತ್ತಲೇ ಬೆಳೆದವನಿಗೆ ಇದು ಅರಗಲು ಹೊತ್ತು ಹಿಡಿಯಿತು.

ಇದರ ನಿಜವಾದ ಪವಾಡ ಮಾತ್ರ ರಸಾಯನದ್ದಲ್ಲ, ಗಡಿಯಾರದ್ದು. ಐಸಿಯು ನರ್ಸ್ ಒಬ್ಬರು ಗಂಟೆಗೆ ಸರಾಸರಿ ಇಪ್ಪತ್ತು ಸಲ ಕೈ ಶುಚಿ ಮಾಡಿಕೊಳ್ಳಬೇಕು. ಸೋಪು ನೀರಾದರೆ ಸಲಕ್ಕೊಂದು ನಿಮಿಷ, ಸಿಂಕಿಗೆ ಹೋಗಿ ಬರುವ ನಡಿಗೆ ಬೇರೆ. ರೋಗಿಯನ್ನು ನೋಡುವುದು ಯಾವಾಗ? ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಡಾ. ಡಿಡಿಯೆ ಪಿತೆ ಮತ್ತು ಸಂಗಡಿಗರು ಸಿಂಕನ್ನೇ ಹಾಸಿಗೆಯ ಪಕ್ಕಕ್ಕೆ ತಂದರು, ಬಾಟಲಿಯ ರೂಪದಲ್ಲಿ! ಗೋಡೆಗೋಡೆಗೂ ಪೋಸ್ಟರ್ ಹಚ್ಚಿದರು. 1994ರಲ್ಲಿ ಶೇ. 48ರಷ್ಟಿದ್ದ ಕೈ ಶುಚಿಯ ಪಾಲನೆ 1997ಕ್ಕೆ ಶೇ. 66 ಮುಟ್ಟಿತು. ಆಸ್ಪತ್ರೆಯಲ್ಲೇ ಅಂಟುವ ಸೋಂಕು ಶೇ. 16.9ರಿಂದ 9.9ಕ್ಕೆ ಜಾರಿತು!

ವಿಶ್ವ ಆರೋಗ್ಯ ಸಂಸ್ಥೆ ಸ್ಯಾನಿಟೈಸರ್ ತಯಾರಿಕೆಯ ವಿಧಾನವನ್ನೇನೂ ಗುಟ್ಟಾಗಿಟ್ಟಿಲ್ಲ, ಅಡುಗೆ ಪುಸ್ತಕದಂತೆ ಬರೆದುಕೊಟ್ಟಿದೆ. ಹತ್ತು ಲೀಟರಿಗೆ ಶೇ. 96ರ ಎಥೆನಾಲ್ 8,333 ಮಿಲಿಲೀಟರ್, ಚರ್ಮ ಬಿರಿಯದಿರಲೆಂದು ಗ್ಲಿಸರಾಲ್ 145, ಹೈಡ್ರೋಜನ್ ಪೆರಾಕ್ಸೈಡ್ 417, ಮಿಕ್ಕಿದ್ದು ಕುದಿಸಿ ಆರಿಸಿದ ನೀರು. ಪೆರಾಕ್ಸೈಡ್ ಕೈಯ ಕ್ರಿಮಿಗಲ್ಲ! ಆಲ್ಕೋಹಾಲಿನೊಳಗೇ ಬದುಕಿ ಕೂರುವ ಬ್ಯಾಕ್ಟೀರಿಯಾ ಬೀಜಕಣಗಳಿವೆ. ಬಾಟಲಿಯಲ್ಲಿರಬಹುದಾದ ಅಂಥವನ್ನು ಮುಗಿಸಲು ಅದು. ಅದಕ್ಕೇ ತುಂಬಿದ ಮೇಲೆ 72 ಗಂಟೆ ಮುಟ್ಟುವಂತಿಲ್ಲ.

ಅದೇ ಬೀಜಕಣ ಕೈಯ ಮೇಲಿದ್ದರೆ? ಅಷ್ಟು ಹೊತ್ತು ಕಾಯುವವರಾರು! ಬೀಜಕಣ ಕಟ್ಟುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾದಿಂದ ಭೇದಿಯಾದ ರೋಗಿಯ ಹಾಸಿಗೆ ಬದಲಿಸಿ ಬಂದ ನರ್ಸ್, ಕೈಗವಸು ಕಳಚಿ, ಪಕ್ಕದಲ್ಲೇ ಇರುವ ಬಾಟಲಿಯನ್ನು ದಾಟಿ, ಸೀದಾ ನಲ್ಲಿಯ ಕಡೆ ನಡೆಯುತ್ತಾರೆ. ಕೊಲ್ಲಲಾಗದ್ದನ್ನು ಸೋಪು ನೀರಿನಲ್ಲಿ ತೊಳೆದೇ ಕಳಿಸಬೇಕು.