ಸ್ಫಟಿಕದ ಮೇಲ್ಮೈಯಲ್ಲಿ ಲೋಹದ ನ್ಯಾನೊತಂತಿಗಳ ಬೆಳವಣಿಗೆ: ಅರ್ಜಿದಾರರಿಗೆ ಮಾಹಿತಿ

ನ್ಯಾನೊತಂತ್ರಜ್ಞಾನ ಪ್ರಯೋಗಾಲಯಗಳ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು, ಅಧ್ಯಾಪಕರು ಹಾಗೂ ಉದ್ಯಮಿಗಳ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಪೀಠಿಕೆ

ಒಂದು ಮೀಟರಿನ ನೂರು ಕೋಟಿಯ ಒಂದು ಭಾಗವೇ ನ್ಯಾನೊಮೀಟರ್. ಕೆಲವೇ ನ್ಯಾನೊಮೀಟರ್ ಅಗಲದ ತಂತಿಗಳನ್ನು ಒಂದೊಂದಾಗಿ ಕೊರೆದು ರೂಪಿಸುವುದು ಕಷ್ಟಸಾಧ್ಯ. ಆದುದರಿಂದ ಸ್ಫಟಿಕದ ಮೇಲ್ಮೈಯನ್ನೇ ಅಚ್ಚಾಗಿ ಬಳಸಿ, ಅಸಂಖ್ಯಾತ ತಂತಿಗಳನ್ನು ಏಕಕಾಲದಲ್ಲಿ ಬೆಳೆಸುವ ವಿಧಾನವನ್ನು ಅನುಸರಿಸಲಾಗುತ್ತದೆ.

2. ಮೇಲ್ಮೈಯ ಸಿದ್ಧತೆ

ಸ್ಫಟಿಕವನ್ನು ಅದರ ಪರಮಾಣು ಪದರಗಳಿಗೆ ತುಸು ಓರೆಯಾಗಿ ಕತ್ತರಿಸಿ, ಶುದ್ಧಗೊಳಿಸಿ, ನಿರ್ವಾತದಲ್ಲಿ ಕಾಯಿಸಿದಾಗ ಮೇಲ್ಮೈಯು ಕಲ್ಯಾಣಿಯ ಸೋಪಾನಗಳಂತೆ ಮೆಟ್ಟಿಲುಗಳಾಗಿ ಅಣಿಗೊಳ್ಳುತ್ತದೆ. ಸಿಲಿಕಾನ್‌ನ (111) ಮುಖದಲ್ಲಿ ಒಂದು ಮೆಟ್ಟಿಲಿನ ಎತ್ತರ 0.314 ನ್ಯಾನೊಮೀಟರ್. ಓರೆಯು 1 ಡಿಗ್ರಿಯಿದ್ದರೆ ಮೆಟ್ಟಿಲುಗಳ ನಡುವಿನ ಅಂತರ ಸುಮಾರು 18 ನ್ಯಾನೊಮೀಟರ್. 2 ಡಿಗ್ರಿಯಾದರೆ ಸುಮಾರು 9. ಹೀಗೆ ತಂತಿಗಳ ನಡುವಿನ ಅಂತರವು ಸ್ಫಟಿಕವನ್ನು ಕತ್ತರಿಸುವಾಗಲೇ ನಿರ್ಧಾರವಾಗುತ್ತದೆ.

3. ತಂತಿ ಬೆಳೆಯುವ ಬಗೆ

ಲೋಹವನ್ನು ಆವಿಯಾಗಿಸಿ ಮೇಲ್ಮೈಯ ಮೇಲೆ ಬೀಳಿಸಿದಾಗ ಅದರ ಪರಮಾಣುಗಳು ಸಮತಟ್ಟಿನಲ್ಲಿ ಸಂಚರಿಸುತ್ತವೆ. ಮೆಟ್ಟಿಲಿನ ಬುಡದಲ್ಲಿ ಹೆಚ್ಚು ಪರಮಾಣುಗಳ ಆಸರೆ ದೊರೆಯುವುದರಿಂದ ಅಲ್ಲಿಯೇ ನೆಲೆ ನಿಂತು ಸಾಲುಗೂಡುತ್ತವೆ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸುಮಾರು 2 ನ್ಯಾನೊಮೀಟರ್ ಅಂತರದ ಮೆಟ್ಟಿಲುಗಳಿದ್ದ ಪ್ಲಾಟಿನಂ ಮೇಲ್ಮೈಯಲ್ಲಿ ಒಂದೇ ಪರಮಾಣುವಿನ ಅಗಲದ ಕೋಬಾಲ್ಟ್ ಸಾಲುಗಳನ್ನು ಬೆಳೆಸಲಾಯಿತು. ಸುಮಾರು 15 ಕೆಲ್ವಿನ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಇವು ಕಾಂತತ್ವವನ್ನು ಉಳಿಸಿಕೊಂಡವು.

ವಿದ್ಯುದ್ರಾಸಾಯನಿಕ ವಿಧಾನವೂ ಇದೆ. 2000ನೇ ಇಸವಿಯಲ್ಲಿ ಅಮೆರಿಕದ ಸಂಶೋಧಕರು ಗ್ರಾಫೈಟ್‌ನ ಮೆಟ್ಟಿಲಂಚುಗಳಲ್ಲಿ ಮಾಲಿಬ್ಡಿನಂ ಆಕ್ಸೈಡನ್ನು ಶೇಖರಿಸಿ, ಜಲಜನಕದಲ್ಲಿ ಕಾಯಿಸಿ ಲೋಹದ ತಂತಿಗಳನ್ನಾಗಿ ಪರಿವರ್ತಿಸಿದರು. ಆ ಬಳಿಕ ಅವುಗಳನ್ನು ಪಾಲಿಸ್ಟೈರೀನ್ ಪೊರೆಯಲ್ಲಿ ಹುದುಗಿಸಿ ಗ್ರಾಫೈಟ್‌ನಿಂದ ಬೇರ್ಪಡಿಸಲಾಯಿತು.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಸ್ಫಟಿಕದ ಮುಖ, ಓರೆಯ ಕೋನ ಹಾಗೂ ದಿಕ್ಕನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಕತ್ತರಿಸಿದ ನಂತರ ಇವುಗಳನ್ನು ಸರಿಪಡಿಸಬೇಕಾದರೆ ಸ್ಫಟಿಕವನ್ನೇ ಮತ್ತೆ ಅರೆಯಬೇಕಾಗುತ್ತದೆ.

(ಆ) ಶುದ್ಧೀಕರಣದ ಕ್ರಮವನ್ನು ವಿವರಿಸತಕ್ಕದ್ದು. ಮೇಲ್ಮೈಯಲ್ಲಿ ಉಳಿದ ಕಲ್ಮಶವು ಮೆಟ್ಟಿಲಿನ ಅಂಚನ್ನು ವಕ್ರಗೊಳಿಸುತ್ತದೆ. ತಂತಿಯು ಅಲ್ಲಿ ತುಂಡಾಗಬಹುದು.

(ಇ) ಬೆಳವಣಿಗೆಯ ಉಷ್ಣತೆಯನ್ನು ತಿಳಿಸತಕ್ಕದ್ದು. ಅದು ತೀರಾ ಕಡಿಮೆಯಾದರೆ ಪರಮಾಣುಗಳು ಅಂಚನ್ನು ತಲುಪದೆ ಸಮತಟ್ಟಿನಲ್ಲಿಯೇ ಗುಂಪುಗೂಡುತ್ತವೆ. ಹೆಚ್ಚಾದರೆ ಲೋಹವು ಸ್ಫಟಿಕದೊಳಗೆ ಬೆರೆತುಹೋಗಬಹುದು.

(ಈ) ಅಳೆಯಬೇಕಾದ ಗುಣವನ್ನು ಮೊದಲೇ ನಿರ್ಧರಿಸತಕ್ಕದ್ದು. ಪ್ಲಾಟಿನಂ, ಗ್ರಾಫೈಟ್‌ಗಳು ತಾವೇ ವಿದ್ಯುದ್ವಾಹಕಗಳಾದುದರಿಂದ, ಅವುಗಳ ಮೇಲಿರುವ ತಂತಿಯ ವಿದ್ಯುತ್ ರೋಧವನ್ನು ಪ್ರತ್ಯೇಕವಾಗಿ ಅಳೆಯಲಾಗದು. ಅಂತಹ ಸಂದರ್ಭದಲ್ಲಿ ತಂತಿಯನ್ನು ಬೇರ್ಪಡಿಸುವ ವಿಧಾನವನ್ನೂ ಅರ್ಜಿಯಲ್ಲಿ ಸೂಚಿಸುವುದು.

(ಉ) ಕೋಬಾಲ್ಟ್‌ನಂತಹ ಲೋಹದ ತೆಳು ಸಾಲುಗಳು ಗಾಳಿ ತಗುಲಿದೊಡನೆ ಆಕ್ಸೈಡ್ ಆಗುತ್ತವೆ. ಇವುಗಳನ್ನು ನಿರ್ವಾತದಲ್ಲಿಯೇ ಅಳೆಯಬೇಕು, ಇಲ್ಲವೇ ರಕ್ಷಣಾ ಪದರವನ್ನು ಹೊದಿಸಬೇಕು.

ಮೇಲ್ಮೈಯಲ್ಲಿನ ದೋಷವನ್ನು ಎಷ್ಟೇ ಉತ್ತಮ ಉಪಕರಣವೂ ತರುವಾಯ ನಿವಾರಿಸಲಾರದು. ಆದುದರಿಂದ ಉಪಕರಣದ ಸಮಯವನ್ನು ಕಾಯ್ದಿರಿಸುವ ಮುನ್ನ ಸ್ಫಟಿಕದ ಮೇಲ್ಮೈಯನ್ನು ಪರೀಕ್ಷಿಸಿ, ಖಚಿತಪಡಿಸಿಕೊಳ್ಳಲು ಕೋರಲಾಗಿದೆ.