ಇಂಗಳೀಕ: ಕೆಂಪು ಕಲ್ಲಿನೊಳಗಿನ ಪಾದರಸ

‘ಪಾದರಸದಂಥ ಹುಡುಗ’ ಎಂದರೆ ಕನ್ನಡದಲ್ಲಿ ಹೊಗಳಿಕೆ. ಸ್ಪೇನ್ ದೇಶದಲ್ಲಿ ಹಾಗಲ್ಲ. ಅಲ್ಲಿನ ನುಡಿಗಟ್ಟೊಂದು ‘ಪಾದರಸ ಹಿಡಿದವನಂತೆ ನಡುಗುವುದು’ ಎನ್ನುತ್ತದೆ. ಪಾದರಸದ ವಿಷವೇರಿ ಕೈಕಾಲು ನಡುಗುತ್ತಿದ್ದವರನ್ನು ಕಂಡೇ ಹುಟ್ಟಿದ ಮಾತು ಅದು. ಈ ಪಾದರಸ ದೊರೆಯುವುದು ಮುಖ್ಯವಾಗಿ ಒಂದು ಸುಂದರ ಕೆಂಪು ಖನಿಜದಿಂದ. ಅದೇ ಇಂಗಳೀಕ. ಸಂಸ್ಕೃತದಲ್ಲಿ ಹಿಂಗುಲ, ಇಂಗ್ಲಿಷಿನಲ್ಲಿ ಸಿನಬಾರ್.

ಇಂಗಳೀಕವೆಂದರೆ ಪಾದರಸ ಮತ್ತು ಗಂಧಕದ ಸಂಯುಕ್ತ. ಶುದ್ಧವಾದ 100 ಗ್ರಾಂ ಇಂಗಳೀಕದಲ್ಲಿ ಸುಮಾರು 86 ಗ್ರಾಂ ಪಾದರಸವೇ ಇರುತ್ತದೆ. ಆದ್ದರಿಂದ ಇದು ನೀರಿಗಿಂತ ಎಂಟು ಪಟ್ಟು ಭಾರ, ಆದರೂ ಮೆದು. ಅರೆದರೆ ಕಡುಗೆಂಪು ಪುಡಿ. ರೋಮನ್ನರು ಇದನ್ನು ಗೋಡೆಚಿತ್ರಗಳಿಗೆ ಬಳಸುತ್ತಿದ್ದರು. ಬಿಸಿಲು ಬಿದ್ದರೆ ಈ ಬಣ್ಣ ಕಪ್ಪಾಗುತ್ತದೆಂದು ಅರಿತ ವಾಸ್ತುಶಿಲ್ಪಿ ವಿಟ್ರುವಿಯಸ್, ಮೇಲೆ ಮೇಣ ಬಳಿಯಬೇಕೆಂದು ಬರೆದಿಟ್ಟಿದ್ದಾನೆ.

ಇಂಗಳೀಕವನ್ನು ಕುಲುಮೆಯಲ್ಲಿ ಕಾಯಿಸಿದರೆ ಗಂಧಕ ಗಾಳಿಯೊಂದಿಗೆ ಸೇರಿ ಅನಿಲವಾಗುತ್ತದೆ. ಪಾದರಸ ಆವಿಯಾಗಿ ಮೇಲೇಳುತ್ತದೆ. ಆ ಆವಿಯನ್ನು ತಣಿಸಿದರೆ ದ್ರವ ಪಾದರಸ ಸಿದ್ಧ. ಅಪಾಯವಿರುವುದೂ ಈ ಹಂತದಲ್ಲೇ.

ಗಣಿಯ ಕಥೆ

ಸ್ಪೇನಿನ ಅಲ್ಮಡೆನ್ ಪ್ರದೇಶದ ಗಣಿಗಾರಿಕೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಇಂಗಳೀಕ ಸಿದ್ಧಪಡಿಸುವ ಕೆಲಸಗಾರರು ಧೂಳು ಒಳಹೋಗದಂತೆ ಪ್ರಾಣಿಗಳ ಮೂತ್ರಕೋಶದ ಚರ್ಮವನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರೆಂದು ಒಂದನೇ ಶತಮಾನದ ಪ್ಲಿನಿ ದಾಖಲಿಸಿದ್ದಾನೆ. ಅಂದರೆ ವಿಷದ ಅರಿವು ಅಂದೇ ಇತ್ತು.

ಹದಿನಾರನೇ ಶತಮಾನದಲ್ಲಿ ಅದಿರಿನಿಂದ ಬೆಳ್ಳಿಯನ್ನು ಬೇರ್ಪಡಿಸಲು ಪಾದರಸ ಬಳಸುವ ವಿಧಾನ ಮೆಕ್ಸಿಕೋದಲ್ಲಿ ಬಳಕೆಗೆ ಬಂತು. ಬೇಡಿಕೆ ಏರಿತು. ಅಲ್ಮಡೆನ್‌ಗೆ ಶಿಕ್ಷೆಗೊಳಗಾದ ಕೈದಿಗಳನ್ನು ತಂದು ದುಡಿಸಲಾಯಿತು. ಅವರ ಸ್ಥಿತಿಗತಿ ಕುರಿತು 1593ರಲ್ಲಿ ಗುಟ್ಟಾಗಿ ವಿಚಾರಣೆ ನಡೆಸಿದವನು ಮುಂದೆ ಕಾದಂಬರಿಕಾರನಾಗಿ ಹೆಸರಾದ ಮಾತೆಯೋ ಅಲೆಮಾನ್. ಕುಲುಮೆಯ ಬಳಿ ದುಡಿದವರು ಮತಿಗೆಟ್ಟು ಸತ್ತುದನ್ನು ಕೈದಿಗಳು ಅವನಿಗೆ ವಿವರಿಸಿದರು. ಪೆರುವಿನ ವಾಂಕವೆಲಿಕಾ ಗಣಿಯಲ್ಲಿ ಇದೇ ಪಾಡು ಬಿಟ್ಟಿ ದುಡಿಮೆಗೆ ಎಳೆದು ತಂದ ಮೂಲನಿವಾಸಿಗಳದಾಯಿತು.

ವಿಷ ಏರುವ ಬಗೆ

ಇಂಗಳೀಕ ನೀರಿನಲ್ಲಿ ಕರಗದು. ಆದ್ದರಿಂದ ಕಲ್ಲನ್ನು ಮುಟ್ಟಿದ ಮಾತ್ರಕ್ಕೆ ಗಾಬರಿ ಬೇಕಿಲ್ಲ. ಪುಡಿಯ ಧೂಳು ಉಸಿರಿಗೆ ಸೇರುವುದು, ಕಾಯಿಸಿದಾಗ ಏಳುವ ಆವಿ ಇವೆರಡೂ ಅಪಾಯಕಾರಿ. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಅದು ಸಾಗುತ್ತದೆ. ನಡುಕ, ಒಸಡಿನ ಊತ, ಮರೆವು, ಕಾರಣವಿಲ್ಲದ ಸಿಡುಕು ಇದರ ಲಕ್ಷಣಗಳು. ಮೂತ್ರಪಿಂಡಗಳಿಗೂ ಹಾನಿ ತಪ್ಪಿದ್ದಲ್ಲ.

ನಮ್ಮ ರಸಶಾಸ್ತ್ರದಲ್ಲೂ ಹಿಂಗುಲಕ್ಕೆ ಸ್ಥಾನವಿದೆ. ಬಳಸುವ ಮೊದಲು ಶೋಧನೆ ಆಗಲೇಬೇಕೆಂದು ಆ ಶಾಸ್ತ್ರವೇ ವಿಧಿಸುತ್ತದೆ. ಯಾರೋ ಕೊಟ್ಟ ಕೆಂಪು ಪುಡಿಯನ್ನು ಔಷಧವೆಂದು ನುಂಗುವುದು, ಹೊಗೆ ಹಾಕುವುದು ಎರಡೂ ಸಲ್ಲದು. ಅರಿಸಿನಕ್ಕೆ ಸುಣ್ಣ ಬೆರೆಸಿ ಮಾಡುವ ಸಾಂಪ್ರದಾಯಿಕ ಕುಂಕುಮದಲ್ಲಿ ಪಾದರಸ ಇರುವುದಿಲ್ಲ. ಆದರೆ ಅಂಗಡಿಯ ಕೆಲವು ಸಿಂಧೂರಗಳಲ್ಲಿ ಸೀಸ, ಪಾದರಸ ಪತ್ತೆಯಾಗಿರುವುದುಂಟು.

ಅಲ್ಮಡೆನ್ ಗಣಿ ಈ ಶತಮಾನದ ಆರಂಭದಲ್ಲಿ ಕೆಲಸ ನಿಲ್ಲಿಸಿತು. 2012ರಲ್ಲಿ ಸ್ಲೊವೇನಿಯದ ಇದ್ರಿಯಾ ಗಣಿಯೊಂದಿಗೆ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದ ಹೊಸ ಪಾದರಸ ಗಣಿಗಳನ್ನು ನಿಷೇಧಿಸಿದೆ. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಪ್ಲಿನಿಯ ಕಾಲಕ್ಕೇ ತಿಳಿದಿದ್ದ ವಿಷಕ್ಕೆ ಜಗತ್ತು ಒಟ್ಟಾಗಿ ಕಡಿವಾಣ ಹಾಕಲು ಹತ್ತೊಂಬತ್ತು ಶತಮಾನಗಳೇ ಬೇಕಾದವು.