ನಾದಕ್ಕೆ ನಾದ ಸೇರಿದಾಗ
ಬಸ್ತಿಹಳ್ಳಿಯ ಬಸದಿಗಳನ್ನು ನೋಡಿ ಸಮೀಪದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದರೆ, 12ನೆಯ ಶತಮಾನದ ಮದ್ದಳೆಗಾರರು ಕಲ್ಲಿನಲ್ಲಿ ಮೌನವಾಗಿ ನಿಂತಿರುವುದನ್ನು ಕಾಣುತ್ತೇವೆ. ಇಂದು ಅಂತಹ ಪೆಟ್ಟಿನ ಧ್ವನಿಯನ್ನು ‘ಸ್ಯಾಂಪ್ಲರ್’ ಎಂಬ ಯಂತ್ರದಲ್ಲಿ ಮುದ್ರಿಸಿಟ್ಟು, ಅದರ ರಬ್ಬರ್ ಪ್ಯಾಡನ್ನು ಬೆರಳಿನಿಂದ ತಟ್ಟಿ ನುಡಿಸಬಹುದು. ಮೃದಂಗದ ಎಡಮುಖದ ನಾದಕ್ಕೆ ಡೊಳ್ಳಿನ ಪೆಟ್ಟನ್ನು ಪದರವಾಗಿ ಸೇರಿಸಿದರೆ ಧ್ವನಿ ಇಮ್ಮಡಿಯಾಗುವುದೆಂದು ನಾವು ಎಣಿಸುತ್ತೇವೆ. ಕೆಲವೊಮ್ಮೆ ಅದು ಸೊರಗುತ್ತದೆ! ಕಾರಣವೇನು?

ಎರಡರಲ್ಲಿಯೂ ಸೆಕೆಂಡಿಗೆ 80 ಕಂಪನಗಳ, ಸಮಬಲದ, ಜೊತೆಯಾಗಿ ಏರಿಳಿಯುವ ಮಂದ್ರನಾದವಿದೆಯೆನ್ನೋಣ. ಒಂದು ಪದರ 6.25 ಮಿಲಿಸೆಕೆಂಡು, ಎಂದರೆ ಅರ್ಧ ಕಂಪನದಷ್ಟು ಕಾಲ, ತಡವಾಗಿ ಹೊರಟರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬೀಳುತ್ತದೆ. ಮಂದ್ರನಾದ ಅಡಗಿ ಚರ್ಮದ ಚಟಪಟ ಮಾತ್ರ ಉಳಿಯುತ್ತದೆ. ಆಗ ಧ್ವನಿಯ ಗಟ್ಟಿತನವನ್ನು ಹೆಚ್ಚಿಸಿ ಫಲವಿಲ್ಲ; ಪದರದ ಪ್ರಾರಂಭವನ್ನು ತುಸು ಸರಿಸಿ, ಮತ್ತೆ ಕಿವಿಗೊಟ್ಟು ಕೇಳಬೇಕು.